ಬೆಸುಗೆಯ ಹದ

ಬೆಸುಗೆ ಎಂಬ ಮಾತು ಲೋಹಗಳಿಗೂ ಸಲ್ಲುತ್ತದೆ, ಮನಸ್ಸುಗಳಿಗೂ ಸಲ್ಲುತ್ತದೆ. ಎರಡರಲ್ಲಿಯೂ ನಡುವೆ ಕೊಳೆಯಿದ್ದರೆ ಕೂಡಿಕೆ ನಿಲ್ಲದು. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಕೆಲಸ ಕಲಿತ ತರುಣರು ಅಗ್ಗದ ಟಿಗ್ ಯಂತ್ರವೊಂದನ್ನು ಕೊಂಡು ಸ್ವಂತ ಕಸುಬಿಗೆ ತೊಡಗುವುದುಂಟು. ಆರ್ಕ್ ಹೊತ್ತದಿದ್ದರೆ, ಹೊತ್ತಿಯೂ ಅಲೆದಾಡಿದರೆ, ಕೊಟ್ಟ ಹಣ ಹೋಯಿತೆಂದು ಎದೆಗುಂದುವುದೂ ಉಂಟು. ದೋಷ ಬಹುಮಟ್ಟಿಗೆ ಯಂತ್ರದ್ದಲ್ಲ, ಸಿದ್ಧತೆಯದು.

ಆರ್ಕ್ ಎಂಬುದನ್ನು ಪುಸ್ತಕಗಳಲ್ಲಿ ವಿದ್ಯುಚ್ಚಾಪ ಎನ್ನುತ್ತೇವೆ. ಚಾಪವೆಂದರೆ ಬಿಲ್ಲು. ಟಂಗ್‌ಸ್ಟನ್ ಕಡ್ಡಿಯ ತುದಿಗೂ ಕೆಲಸದ ಲೋಹಕ್ಕೂ ನಡುವೆ ವಿದ್ಯುತ್ತು ಹರಿದು ಉಜ್ವಲವಾಗಿ ಬೆಳಗುವುದೇ ಅದು. ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ಕರಗುವ ಈ ಕಡ್ಡಿಯನ್ನು ಆರ್ಗಾನ್ ಅನಿಲವು ಗಾಳಿ ತಾಗದಂತೆ ಕಾಯುತ್ತದೆ. ಬೆಲೆಬಾಳುವ ಯಂತ್ರದಲ್ಲಿ ಮುಟ್ಟಿಸದೆಯೇ ಕಿಡಿ ಹಾರುತ್ತದೆ. ಅಗ್ಗದ್ದರಲ್ಲಿ ಸಾಮಾನ್ಯವಾಗಿ ತುದಿಯನ್ನು ಲೋಹಕ್ಕೆ ಮುಟ್ಟಿಸಿಯೇ ಎಬ್ಬಿಸಬೇಕು.

ಆದ್ದರಿಂದ ಮೊದಲು ತಂತಿಗಳನ್ನು ನೋಡಿರಿ. ಕಡ್ಡಿ ವೆಲ್ಡಿಂಗಿನಲ್ಲಿ ಹೋಲ್ಡರನ್ನು ಸಾಮಾನ್ಯವಾಗಿ ಧನಕ್ಕೆ ಸೇರಿಸುತ್ತಾರೆ. ಆ ಅಭ್ಯಾಸದಿಂದ ಟಿಗ್ ಟಾರ್ಚನ್ನೂ ಅಲ್ಲಿಗೇ ಸೇರಿಸಿದರೆ ತುದಿ ಕರಗಿ ಉಂಡೆಗಟ್ಟುತ್ತದೆ. ಉಕ್ಕಿನ ಕೆಲಸದಲ್ಲಿ ಟಾರ್ಚು ಋಣಕ್ಕೆ, ಅರ್ತಿಂಗ್ ಕ್ಲಾಂಪು ಧನಕ್ಕೆ. ಕ್ಲಾಂಪು ಕಚ್ಚುವ ಜಾಗದ ಬಣ್ಣ, ತುಕ್ಕು, ಎಣ್ಣೆ ಹೋಗಲಿ. ಬೆಸೆಯುವ ಅಂಚೂ ಹೊಳೆಯುವಂತಿರಲಿ. ಕಡ್ಡಿಯನ್ನು ಉದ್ದಕ್ಕೆ ಸಾಣೆ ಹಿಡಿದು ಪೆನ್ಸಿಲಿನಂತೆ ಮೊನೆ ಮಾಡಿರಿ. ಅಡ್ಡ ಗೀರು ಬಿದ್ದರೆ ಆರ್ಕ್ ಅತ್ತಿತ್ತ ಓಡುತ್ತದೆ. ಸಾಣೆಯ ಧೂಳು ಉಸಿರಿಗೆ ಸೇರಬಾರದು.

ಅನಿಲ ಮೊದಲು, ಆರ್ಕ್ ಅನಂತರ. ಸಣ್ಣ ಕೆಲಸಕ್ಕೆ ನಿಮಿಷಕ್ಕೆ 6ರಿಂದ 8 ಲೀಟರ್ ಸಾಕು. ಟಾರ್ಚಿನ ಪಿಂಗಾಣಿ ಮೂತಿಯ ಅಂಚನ್ನು ಲೋಹದ ಮೇಲೆ ಆನಿಸಿ, ಮೊನೆ ಮೆಲ್ಲನೆ ತಾಗುವಂತೆ ಬಾಗಿಸಿ, ಕೂಡಲೇ ಹಿಂದಕ್ಕೆ ಹೊರಳಿಸಿರಿ. ಅಂತರ 2 ಮಿಲಿಮೀಟರಿನಷ್ಟಿರಲಿ. ಹೆಚ್ಚಿದರೆ ಆರ್ಕ್ ಅಲೆದಾಡುತ್ತದೆ. ಮೊನೆ ಕರಗಿದ ಲೋಹಕ್ಕೆ ಅದ್ದಿತೋ, ಕೆಲಸ ನಿಲ್ಲಿಸಿ ಮತ್ತೆ ಸಾಣೆ ಹಿಡಿಯಿರಿ. ಮುಗಿದ ಮೇಲೆಯೂ ಅನಿಲ ಕೆಲವು ಕ್ಷಣ ಹರಿದು ಕಡ್ಡಿ ತಣಿಯಲಿ. ಇಂಥ ಬಹುತೇಕ ಯಂತ್ರಗಳು ನೇರ ವಿದ್ಯುತ್ತಿನವು. ಅಲ್ಯೂಮಿನಿಯಮ್ಮನ್ನು ಅವುಗಳಿಂದ ಬೆಸೆಯಹೊರಟು ಯಂತ್ರವನ್ನು ಬಯ್ಯುವುದು ನ್ಯಾಯವಲ್ಲ.

ಫ್ಯಾನಿನ ಗಾಳಿ ನೇರವಾಗಿ ಬೀಸಿದರೆ ಆರ್ಗಾನ್ ಚದರುತ್ತದೆ. ಹಾಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತರೆ ಉಸಿರಾಟದ ಗಾಳಿಯೇ ಕಡಮೆಯಾದೀತು. ಕಪ್ಪುಗಾಜಿನ ಮುಖಕವಚವಿಲ್ಲದೆ ಆರ್ಕನ್ನು ಯಾರೂ ನೋಡಬಾರದು, ನೋಡಲು ಬಂದ ಮಕ್ಕಳಂತೂ ಕೂಡದು. ಕೆಟ್ಟ ಕಡ್ಡಿಯನ್ನು ಮತ್ತೆ ಮೊನೆ ಮಾಡಬಹುದು, ಕಣ್ಣಿಗೆ ಸಾಣೆಯಿಲ್ಲ.