ಮಸೂರದ ದೋಷ, ಬೆಳಕಿನ ಸ್ವಭಾವ



ನಕ್ಷತ್ರದ ಬೆಳಕನ್ನು ಮಸೂರ ಒಂದೆಡೆ ಕೂಡಿಸಿದಾಗ ಮೂಡುವುದು ಬರಿಯ ಬಿಂದುವಲ್ಲ. ಪುಟ್ಟ ಬಿಲ್ಲೆ, ಸುತ್ತಲೂ ಮಂದ ಉಂಗುರಗಳು. ಬೆಳಕು ಅಲೆಯಾದ್ದರಿಂದ ಹೀಗಾಗುತ್ತದೆ. ಇದೇ ವಿವರ್ತನೆ. 1835ರಲ್ಲಿ ಜಾರ್ಜ್ ಏರಿ ಇದರ ಲೆಕ್ಕ ಕೊಟ್ಟರು. ದೋಷವಿಲ್ಲದ ಮಸೂರದಲ್ಲಿ ಶೇ. 84ರಷ್ಟು ಬೆಳಕು ನಡುವಿನ ಬಿಲ್ಲೆಯಲ್ಲೇ ಇರುತ್ತದೆ.

ಮಸೂರದ ಆಕಾರ ತುಸು ತಪ್ಪಿದರೂ ಅಲೆಗಳು ಹೆಜ್ಜೆ ತಪ್ಪಿ ಬಂದು ಸೇರುತ್ತವೆ. ಬಿಲ್ಲೆಯ ಬೆಳಕು ಉಂಗುರಗಳಿಗೆ ಸೋರುತ್ತದೆ. ಇದು ವಿಪಥನ. ಕನ್ನಡಿಗೂ ಇದೇ ನಿಯಮ. 1990ರಲ್ಲಿ ಬಾಹ್ಯಾಕಾಶಕ್ಕೆ ಹೋದ ಹಬಲ್ ದೂರದರ್ಶಕದ ಕನ್ನಡಿಯ ಅಂಚು ಬರೀ 2.2 ಮೈಕ್ರಾನ್ ಹೆಚ್ಚು ಸವೆದಿತ್ತು; ಚಿತ್ರಗಳು ಮಸುಕಾದವು. 1993ರಲ್ಲಿ ಅದಕ್ಕೂ ‘ಕನ್ನಡಕ’ ಹಾಕಬೇಕಾಯಿತು! ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ ದೂರದರ್ಶಕದ 2.34 ಮೀಟರ್ ಕನ್ನಡಿಯನ್ನು ಉಜ್ಜಿ ಹದಗೊಳಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಆ ಕೆಲಸಕ್ಕೆ ಎಂಥ ನಿಖರತೆ ಬೇಕೆಂದು ಊಹಿಸಿ.

ಏರಿಯವರ ಎಡಗಣ್ಣಿನಲ್ಲೂ ದೋಷವಿತ್ತು. ಅದಕ್ಕೆ ತಕ್ಕ ಮಸೂರವನ್ನು ಅವರೇ ರೂಪಿಸಿಕೊಂಡರು. ವಿವರ್ತನೆಯನ್ನು ಯಾರೂ ಅಳಿಸಲಾರರು, ವಿಪಥನವನ್ನು ತಿದ್ದಬಹುದು. ಹಾಗಾಗಿ ಪೋಷಕರೇ, ಕಪ್ಪುಹಲಗೆಯ ಅಕ್ಷರ ಕಾಣದೆ ತಡವರಿಸುವ ಮಗುವನ್ನು ದಡ್ಡ ಎನ್ನುವ ಮೊದಲು ಅದರ ಕಣ್ಣು ಪರೀಕ್ಷೆ ಮಾಡಿಸಿ.