ಈರುಳ್ಳಿ ಇಲ್ಲದ ಒಗ್ಗರಣೆ



ಇಂದಿನ ಮಾತು ಅಡುಗೆಯದು. ಹದಿನೈದು ನಿಮಿಷದಲ್ಲಿ ಆಗುವ ಒಂದು ತರಕಾರಿ ಅನ್ನ. ಅಡುಗೆ ಎಂದೊಡನೆ ಎದ್ದು ಹೋಗಬೇಡಿ. ಇದರಲ್ಲಿ ಸ್ವಲ್ಪ ರಸಾಯನಶಾಸ್ತ್ರವಿದೆ, ಸ್ವಲ್ಪ ಜೀವಶಾಸ್ತ್ರವಿದೆ. ನಿಮ್ಮ ವಯಸ್ಸಿನ ಒಬ್ಬ ಹುಡುಗನ ಕಥೆಯೂ ಇದೆ.

ನನ್ನ ಅಕ್ಕನ ಮಗ ದ್ವಿತೀಯ ಪಿ.ಯು.ಸಿ. ಓದಲು ನಮ್ಮ ಮನೆಗೆ ಬಂದಿದ್ದ. ಒಂದೆರಡು ತಿಂಗಳಲ್ಲಿ ಬೆಳಗಿನ ತಿಂಡಿ ಬಿಟ್ಟ. ಕೇಳಿದರೆ "ಹಸಿವಿಲ್ಲ ಮಾಮ" ಎನ್ನುತ್ತಿದ್ದ. ಅಂಗಿ ಸಡಿಲವಾಗತೊಡಗಿತು. ಕೊನೆಗೊಂದು ರಾತ್ರಿ ಬಾಯಿ ಬಿಟ್ಟ: "ತಿಂದರೆ ಹೊಟ್ಟೆ ಉಬ್ಬುತ್ತೆ ಮಾಮ. ಪ್ರಾಕ್ಟಿಕಲ್ ಮಧ್ಯೆ ಎದ್ದು ಓಡಬೇಕಾಗುತ್ತೆ. ಎಲ್ಲರೂ ನಗ್ತಾರೆ. ತಿನ್ನದೇ ಇದ್ದರೆ ಆ ತಾಪತ್ರಯ ಇಲ್ಲ."

ಮಾರನೆಯ ದಿನವೇ ವೈದ್ಯರ ಬಳಿ ಹೋದೆವು. ಅವರು ರಕ್ತ ಪರೀಕ್ಷೆ ಮಾಡಿಸಿ, ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡರು. ಅನಂತರ ಹೇಳಿದ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್. ಕೆರಳುವ ಕರುಳು ಎನ್ನೋಣ. ಕರುಳಿನಲ್ಲಿ ಹುಣ್ಣಿಲ್ಲ, ಗಾಯವಿಲ್ಲ. ಆದರೆ ಅದರ ಸಂವೇದನೆ ಅತಿ ಸೂಕ್ಷ್ಮ. ಇನ್ನೊಬ್ಬರಿಗೆ ತಿಳಿಯದೇ ಹೋಗುವ ವಾಯು ಇಂಥವರಿಗೆ ನೋವಾಗುತ್ತದೆ. ವೈದ್ಯರು ಕೆಲವು ವಾರ 'ಫಾಡ್‌ಮ್ಯಾಪ್' ಕಡಿಮೆ ಇರುವ ಊಟ ಮಾಡಲು ಹೇಳಿ, ಆಹಾರತಜ್ಞರ ಬಳಿ ಕಳುಹಿಸಿದರು.

ನಾನು ಬಿ.ಎಸ್ಸಿ. ಓದುವಾಗ ಈ ಪದವೇ ಹುಟ್ಟಿರಲಿಲ್ಲ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ಇದನ್ನು ಬಳಕೆಗೆ ತಂದರು. ಫರ್ಮೆಂಟಬಲ್, ಅಂದರೆ ಹುದುಗುವ, ಆಲಿಗೋಸ್ಯಾಕರೈಡ್, ಡೈಸ್ಯಾಕರೈಡ್, ಮಾನೋಸ್ಯಾಕರೈಡ್ ಮತ್ತು ಪಾಲಿಯಾಲ್‌ಗಳು: ಈ ಪದಗಳ ಮೊದಲಕ್ಷರಗಳನ್ನು ಸೇರಿಸಿದ ಹೆಸರು ಅದು. ಎಲ್ಲವೂ ಕಿರಿದಾದ ಸಕ್ಕರೆಯ ಸರಪಳಿಗಳು, ಇಲ್ಲವೇ ಸಕ್ಕರೆಯ ನೆಂಟರು. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್, ಬೇಳೆಕಾಳುಗಳಲ್ಲಿ ಗ್ಯಾಲಕ್ಟೋ ಆಲಿಗೋಸ್ಯಾಕರೈಡ್, ಹಾಲಿನಲ್ಲಿ ಲ್ಯಾಕ್ಟೋಸ್, ಜೇನು, ಮಾವಿನಹಣ್ಣಿನಲ್ಲಿ ಹೆಚ್ಚಿನ ಫ್ರಕ್ಟೋಸ್, ಅಣಬೆಯಲ್ಲಿ ಮ್ಯಾನಿಟಾಲ್.

ಇವು ಏನು ಮಾಡುತ್ತವೆ? ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ಉಳಿದಾಗ ಆಸ್ಮಾಸಿಸ್‌ನಿಂದ ತಮ್ಮತ್ತ ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡ ಕರುಳು ಮುಟ್ಟಿದಾಗ ಅಲ್ಲಿಯ ಬ್ಯಾಕ್ಟೀರಿಯಾಗಳು ಇವನ್ನು ಹುದುಗಿಸಿ ಹೈಡ್ರೋಜನ್‌ನಂಥ ಅನಿಲಗಳನ್ನು ಹೊರಬಿಡುತ್ತವೆ. ಫ್ರಕ್ಟಾನ್ ಒಡೆಯುವ ಕಿಣ್ವ ಯಾವ ಮನುಷ್ಯನಿಗೂ ಇಲ್ಲ. ಆದ್ದರಿಂದ ಇದು ಎಲ್ಲರ ಹೊಟ್ಟೆಯಲ್ಲೂ ನಡೆಯುವ ಕ್ರಿಯೆ. ಕೆರಳುವ ಕರುಳಿನವರಿಗೆ ಮಾತ್ರ ಕಾಟವಾಗುತ್ತದೆ.

ನಮ್ಮ ಹುಡುಗ ಪಟ್ಟಿ ನೋಡಿ ಕಂಗಾಲಾದ. "ಚಪಾತಿ ಇಲ್ಲ, ಸಾರಿಲ್ಲ, ಈರುಳ್ಳಿ ಇಲ್ಲ. ಇನ್ನೇನು ತಿನ್ನಲಿ ಮಾಮ?" ಎಂದ. ಪಟ್ಟಿಯಲ್ಲಿ ಬೇಡವೆಂದದ್ದು ಮಾತ್ರ ಅವನ ಕಣ್ಣಿಗೆ ಬಿದ್ದಿತ್ತು, ತಿನ್ನಬಹುದಾದದ್ದು ಕಾಣಲಿಲ್ಲ. ನಾನು ಅವನನ್ನು ಅಡುಗೆಮನೆಗೆ ಕರೆದೆ. ವಿದೇಶಿ ಪುಸ್ತಕಗಳು ಇದಕ್ಕೆ ಕ್ವಿನೋವಾ ಹೇಳುತ್ತವೆ. ನಮಗೆ ಡಬ್ಬದಲ್ಲಿರುವ ಅಕ್ಕಿ ಸಾಕು.

ಇಬ್ಬರಿಗೆ ಬೇಕಾದ್ದು ಇಷ್ಟು: ಉದುರಾದ ಅನ್ನ ಎರಡು ಬಟ್ಟಲು, ಒಂದು ಕ್ಯಾರೆಟ್, ಹತ್ತು ಹನ್ನೆರಡು ಬೀನ್ಸ್, ಅರ್ಧ ಹಸಿರು ದೊಣ್ಣೆಮೆಣಸಿನಕಾಯಿ, ಒಂದು ಹಿಡಿ ಕಡಲೆಕಾಯಿ ಬೀಜ, ಅರ್ಧ ಅಂಗುಲ ಶುಂಠಿ, ಸಾಸಿವೆ, ಕರಿಬೇವು, ಅರಿಶಿನ, ಉಪ್ಪು, ಅರ್ಧ ನಿಂಬೆಹಣ್ಣು, ಎರಡು ದೊಡ್ಡ ಚಮಚ ಎಣ್ಣೆ, ನಾಲ್ಕು ಎಸಳು ಬೆಳ್ಳುಳ್ಳಿ.

ಬೆಳ್ಳುಳ್ಳಿ ಬೇಡವೆಂದು ಹೇಳಿ ಇದೇನು ಎನ್ನುತ್ತೀರಾ? ಇಲ್ಲಿಯೇ ರಸಾಯನಶಾಸ್ತ್ರ ಇರುವುದು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯ ಘಮ ಮಾತ್ರ ಎಣ್ಣೆಗೆ ಇಳಿಯುತ್ತದೆ. ಎಸಳುಗಳನ್ನು ಜಜ್ಜದೆ, ಇಡಿಯಾಗಿ ಸಣ್ಣ ಉರಿಯ ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಬಾಡಿಸಿ, ಒಂದನ್ನೂ ಬಿಡದೆ ತೆಗೆದುಬಿಡಿ. ಘಮ ಉಳಿಯಿತು, ಫ್ರಕ್ಟಾನ್ ಎಸಳಿನೊಂದಿಗೆ ಹೊರಗೆ ಹೋಯಿತು. ಸಾರಿನಲ್ಲಿ ಕುದಿದ ಈರುಳ್ಳಿಯನ್ನು ಆರಿಸಿ ಎಸೆದರೆ ಈ ಪ್ರಯೋಜನವಿಲ್ಲ. ಅಷ್ಟರಲ್ಲಿ ಫ್ರಕ್ಟಾನ್ ನೀರಿಗೆ ಇಳಿದಿರುತ್ತದೆ. ಈ ಎಣ್ಣೆಯನ್ನು ಅಂದಂದಿಗೆ ಮಾಡಿಕೊಳ್ಳಿ. ಬೆಳ್ಳುಳ್ಳಿ ಎಣ್ಣೆಯನ್ನು ಹೊರಗೆ ಇಟ್ಟರೆ ಅದರಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು.

ಈಗ ಉರಿ ಹೆಚ್ಚಿಸಿ. ಕಡಲೆಕಾಯಿ ಬೀಜ ಕೆಂಪಗಾದ ಮೇಲೆ ಸಾಸಿವೆ ಸಿಡಿಸಿ, ಕರಿಬೇವು, ಹೆಚ್ಚಿದ ಶುಂಠಿ ಹಾಕಿ. ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಬೇಡ. ಆ ಗರಿಯನ್ನು ಕಡಲೆಕಾಯಿಯೇ ಕೊಡುತ್ತದೆ. ತರಕಾರಿಗಳನ್ನು ಬೆಂಕಿಕಡ್ಡಿಯಂತೆ ತೆಳ್ಳಗೆ, ಒಂದೇ ಅಳತೆಗೆ ಹೆಚ್ಚಿರಬೇಕು. ಮೊದಲು ಬೀನ್ಸ್ ಮತ್ತು ಕ್ಯಾರೆಟ್, ಮೂರು ನಾಲ್ಕು ನಿಮಿಷದ ನಂತರ ದೊಣ್ಣೆಮೆಣಸಿನಕಾಯಿ. ಬಾಣಲೆ ತುಂಬ ಸುರಿಯಬೇಡಿ. ಹೆಚ್ಚು ತರಕಾರಿ ಬಿದ್ದರೆ ಬಾಣಲೆಯ ಶಾಖ ಇಳಿದು, ಬಿಟ್ಟ ನೀರು ಬೇಗ ಆವಿಯಾಗದೆ ತರಕಾರಿ ಹುರಿಯುವ ಬದಲು ಬೇಯುತ್ತದೆ. ಮುಚ್ಚಳವೂ ಬೇಡ. ಅರಿಶಿನ, ಉಪ್ಪು, ಕೊನೆಗೆ ಅನ್ನ ಹಾಕಿ ಎರಡು ನಿಮಿಷ ಕಲಸಿ. ಒಲೆ ಆರಿಸಿ ನಿಂಬೆರಸ ಹಿಂಡಿ.

ಇನ್ನಷ್ಟು ಸತ್ವ ಬೇಕೆನ್ನುವವರು, ತಿನ್ನುವವರಾದರೆ, ಒಂದು ಮೊಟ್ಟೆ ಒಡೆದು ಹಾಕಬಹುದು. ಈರುಳ್ಳಿಯ ರುಚಿ ಬೇಕಾದರೆ ಈರುಳ್ಳಿ ಸೊಪ್ಪಿನ ಹಸಿರು ಭಾಗ ಮಾತ್ರ ಬಳಸಿ. ಫ್ರಕ್ಟಾನ್ ಹೆಚ್ಚಿರುವುದು ಬಿಳಿ ಗಡ್ಡೆಯಲ್ಲಿ. ರಾತ್ರಿಯ ಅನ್ನವಾದರೆ ಫ್ರಿಜ್ಜಿನಲ್ಲಿಟ್ಟದ್ದೇ ಆಗಬೇಕು.

ಮಿತ್ರರೇ, ಈಗ ಮುಖ್ಯವಾದ ಮಾತು. ಇದು ಜೀವನಪೂರ್ತಿ ಮಾಡುವ ಪಥ್ಯವಲ್ಲ. ಎರಡರಿಂದ ಆರು ವಾರ ಮಾತ್ರ. ಅನಂತರ ಒಂದೊಂದೇ ಪದಾರ್ಥವನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ತಿಂದು, ಯಾವುದು ಎಷ್ಟು ಒಗ್ಗುತ್ತದೆಂದು ಬರೆದಿಟ್ಟುಕೊಳ್ಳಬೇಕು. ಫ್ರಕ್ಟಾನ್ ನಮ್ಮ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಆಹಾರವೂ ಹೌದು. ವಿನಾಕಾರಣ ಅವನ್ನು ಉಪವಾಸ ಕೆಡವಬಾರದು. ತೊಂದರೆಯಿಲ್ಲದವರು ಈರುಳ್ಳಿಯನ್ನು ಧಾರಾಳವಾಗಿ ತಿನ್ನಿ. ತೊಂದರೆ ಇರುವವರೂ ವೈದ್ಯರನ್ನು ಕಾಣುವ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಸೀಲಿಯಾಕ್ ಪರೀಕ್ಷೆ ಸರಿಯಾದ ಉತ್ತರ ಕೊಡದೇ ಹೋಗಬಹುದು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡಲೇಬೇಡಿ.

ನಮ್ಮ ಹುಡುಗ ಒಂದು ನೋಟುಪುಸ್ತಕ ಇಟ್ಟ. ಎಡಕ್ಕೆ ತಿಂದದ್ದು, ಬಲಕ್ಕೆ ಆದದ್ದು, ಥೇಟ್ ಪ್ರಾಕ್ಟಿಕಲ್ ರೆಕಾರ್ಡಿನಂತೆ. ಅವನಿಗೆ ಹಾಲು ತೊಂದರೆ ಕೊಡುವುದಿಲ್ಲ, ಎರಡು ಚಪಾತಿಯೂ ಒಗ್ಗುತ್ತದೆ, ಹಸಿ ಈರುಳ್ಳಿ ಮಾತ್ರ ಆಗದು ಎಂದು ಗೊತ್ತಾಯಿತು. ಅಷ್ಟು ದೊಡ್ಡ ಪಟ್ಟಿ ಕರಗಿ ಒಂದೆರಡು ಸಾಲಾಯಿತು. ಪರೀಕ್ಷೆಯ ದಿನ ಬೆಳಿಗ್ಗೆ ಬೇಗ ಎದ್ದು ತನ್ನ ಅನ್ನ ತಾನೇ ಹುರಿದುಕೊಂಡ, ನನಗೂ ಒಂದು ತಟ್ಟೆ ಇಟ್ಟ.

ಹೊಟ್ಟೆನೋವು ನಾಚಿಕೆಪಡುವ ವಿಷಯವಲ್ಲ. ಊಟ ಬಿಡುವುದು ಅದಕ್ಕೆ ಔಷಧವೂ ಅಲ್ಲ. ಮನೆಯಲ್ಲಿ ಹೇಳಿ, ವೈದ್ಯರಿಗೆ ತೋರಿಸಿ, ಆಮೇಲೆ ಬಾಣಲೆ ಹಿಡಿಯಿರಿ.