ನಮ್ಮ ದೇಹದ ಸಹವಾಸಿಗಳು



ಮಂಡ್ಯದ ಬೆಲ್ಲದ ಮಂಡಿಯಲ್ಲಿ ತಕ್ಕಡಿ ಹಿಡಿದು ಬದುಕಿದ ನಾನು ಪ್ರೌಢಶಾಲೆಯಾಚೆಗೆ ಓದಿದವನಲ್ಲ. ಆದರೂ ವಿಜ್ಞಾನದ ವಿಷಯವೊಂದನ್ನು ತಮ್ಮ ಮುಂದಿಡಲು ಕಾರಣ ನನ್ನ ತಾಯಿಯವರ ಪ್ರಶ್ನೆ. ಕಳೆದ ವರ್ಷ ಅವರಿಗೆ ಜ್ವರ ಬಂದಾಗ ವೈದ್ಯರು ಐದು ದಿನಕ್ಕೆ ಆಂಟಿಬಯಾಟಿಕ್ ಮಾತ್ರೆ ಬರೆದುಕೊಟ್ಟರು. ಸೋಸದ ನೀರನ್ನು ಎಂದೂ ಕುಡಿಯದ ತಾಯಿಯವರು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, "ಇದರಿಂದ ಎಷ್ಟು ಜೀವ ಹೋಗುತ್ತದಪ್ಪಾ?" ಎಂದರು.

ಬಲ್ಲವರನ್ನು ಕೇಳಿದೆ, ಓದಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸಾಧಾರಣ ಮೈಕಟ್ಟಿನ ಪುರುಷನ ಶರೀರದಲ್ಲಿ ಅವನವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಬಹುಪಾಲು ದೊಡ್ಡ ಕರುಳಿನಲ್ಲಿವೆ. ತಕ್ಕಡಿಗಿಟ್ಟರೆ ಎಲ್ಲವೂ ಸೇರಿ ಸುಮಾರು 200 ಗ್ರಾಂ ಮಾತ್ರ! ಎಣಿಕೆಯಲ್ಲಿ ಮನೆಯವರಿಗಿಂತ ಬಾಡಿಗೆದಾರರೇ ಹೆಚ್ಚು.

ಬಾಡಿಗೆದಾರರೆಂಬ ಮಾತೂ ಸರಿಯಲ್ಲ. ತಾಯಿಯ ಹಾಲಿನಲ್ಲಿ ಕೂಸಿಗೆ ಜೀರ್ಣವಾಗದ ಕೆಲವು ಬಗೆಯ ಸಕ್ಕರೆಗಳಿವೆ. ಅವು ಕೂಸಿನ ಕರುಳಿನಲ್ಲಿ ನೆಲೆಸುವ ಬಿಫಿಡೊ ಬ್ಯಾಕ್ಟೀರಿಯಾಗಳಿಗೆ ಆಹಾರ. ಕೂಸಿಗೆ ಹಾಲೂಡುವ ತಾಯಿ ಕೂಸಿನೊಳಗಿನವರಿಗೂ ಉಣಿಸುತ್ತಾಳೆ. ಜೀವಮಾನವೆಲ್ಲ ಬೆಲ್ಲ ಮಾರಿದ ನನಗೆ ಸಕ್ಕರೆಯ ಈ ಸಂಗತಿ ತಿಳಿದೇ ಇರಲಿಲ್ಲ.

ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಕಂಪ್ಯೂಟರಿನ ಕೀಲಿಗಳ ಮೇಲೆ ಉಳಿದ ಬ್ಯಾಕ್ಟೀರಿಯಾಗಳು ಅದನ್ನು ಬಳಸುವವನ ಬೆರಳಿನವನ್ನೇ ಹೆಚ್ಚಾಗಿ ಹೋಲುತ್ತಿದ್ದವು. ಹಾಗಾದರೆ 'ನಾನು' ಎಂಬ ಗುರುತಿನಲ್ಲಿಯೂ ಅವುಗಳಿಗೆ ಪಾಲುಂಟು.

ಇದೇ ನಮ್ಮ ನಿಗೋದವೆಂದು ಹೇಳಲು ಆತುರಪಡುವವರುಂಟು. ನನಗೆ ಒಪ್ಪಿಗೆಯಾಗದು. ನಿಗೋದದಲ್ಲಿ ಅನಂತ ಜೀವಗಳಿಗೆ ಒಂದೇ ಶರೀರ. ಇಲ್ಲಿ ಒಂದೊಂದು ಬ್ಯಾಕ್ಟೀರಿಯಾಕ್ಕೂ ತನ್ನದೇ ಕೋಶ. ಬೆಲ್ಲದ ಮೂಟೆಗೆ ಸಕ್ಕರೆಯ ಚೀಟಿ ಅಂಟಿಸಬಾರದು. ಆದರೆ ಅನ್ಯತ್ವಾನುಪ್ರೇಕ್ಷೆಯಲ್ಲಿ ಈ ದೇಹ ನಾನಲ್ಲವೆಂದು ಭಾವಿಸುವಾಗಲೂ, ದೇಹವಾದರೂ ನನ್ನೊಬ್ಬನ ಸ್ವತ್ತೆಂದು ಒಳಗೊಳಗೇ ನಂಬಿದ್ದೆ. ಅದೂ ಜಂಟಿ ಖಾತೆಯೆಂಬುದು ಈ ವಯಸ್ಸಿನಲ್ಲಿ ತಿಳಿಯಿತು.

ತಾಯಿಯವರಿಗೆ ಸುಳ್ಳು ಹೇಳಲಾಗಲಿಲ್ಲ. ರೋಗ ತಂದವುಗಳೊಡನೆ ಉಪಕಾರಿಗಳೂ ಸಾಯುತ್ತವೆ, ಎಣಿಸಲಾಗದು, ಆದರೆ ನಡುವೆ ನಿಲ್ಲಿಸಿದರೆ ರೋಗ ಮರಳಬಹುದು ಎಂದೆ. ಅವರು ಐದು ದಿನವೂ ಸೂರ್ಯಾಸ್ತಕ್ಕೆ ಮುಂಚೆಯೇ ಮಾತ್ರೆ ನುಂಗಿದರು. ಮೊದಲನೆಯ ಸಂಜೆ ಪ್ರತಿಕ್ರಮಣದಲ್ಲಿ ಆ ಮಾತ್ರೆಯನ್ನೂ ನೆನೆದು ಕ್ಷಮೆ ಬೇಡುತ್ತಿದ್ದುದನ್ನು ಬಾಗಿಲ ಮರೆಯಿಂದ ಕೇಳಿದೆ.